ಷಡಕ್ಷರಪ್ಪನ ಹಸಿರು ಎದೆನೋವು

ಷಡಕ್ಷರಪ್ಪ ಆ ಸಾಲಿನಲ್ಲಿ ನಿಂತದ್ದು ಕೋಸಂಬರಿಗೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆಮೇಲೆ ನಡೆದದ್ದಕ್ಕೆಲ್ಲ ಅವನ ದೊಡ್ಡಸ್ತಿಕೆಯೇ ಕಾರಣ ಎಂದು ಭದ್ರಾವತಿಯಲ್ಲಿರುವ ಅವನ ಭಾವ ಹೊನ್ನಯ್ಯ ಇವತ್ತಿಗೂ ಹೇಳಿಕೊಂಡು ತಿರುಗುತ್ತಾನೆ. ದೊಡ್ಡಸ್ತಿಕೆ ಆಮೇಲೆ ಬಂತು. ಮೊದಲು ಇದ್ದದ್ದು ಹಸಿವು.

ಸವಳಂಗ ರಸ್ತೆಯಲ್ಲಿ ಹೊಸ ಕ್ಲಿನಿಕ್ಕೊಂದರ ಉದ್ಘಾಟನೆ. ಬಾಗಿಲಿಗೆ ಬಾಳೆಕಂಬ ಕಟ್ಟಿದ್ದರು, ಪಾನಕದ ಹಂಡೆ ಕಾಣುತ್ತಿತ್ತು, ಜನ ಸಾಲುಗಟ್ಟಿದ್ದರು. ಬಾಳೆಕಂಬ, ಹಂಡೆ, ಸಾಲು ಒಟ್ಟಿಗೆ ಕಂಡ ಮೇಲೆ ಯಾರನ್ನೂ ವಿಚಾರಿಸುವ ಅಗತ್ಯವಿಲ್ಲ ಎಂಬುದು ಭದ್ರಾವತಿಯ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ಆಯುಷ್ಯ ಸವೆಸಿ, ನಿವೃತ್ತನಾಗಿ ಶಿವಮೊಗ್ಗದ ರಾಗಿಗುಡ್ಡದಲ್ಲಿ ಬಂದು ನೆಲೆಸಿದ ಷಡಕ್ಷರಪ್ಪನ ಅನುಭವ. ಸಾಲಿನ ತುದಿಗೆ ಹೋದಾಗ ಒಬ್ಬಳು ಹುಡುಗಿ ಅವನ ತೋಳಿಗೆ ಪಟ್ಟಿ ಸುತ್ತಿ, ರಕ್ತದೊತ್ತಡ ನೋಡಿ, ಹೆಸರು ವಯಸ್ಸು ವಿಳಾಸ ಕೇಳಿಕೊಂಡು, ಚಿನ್ನದ ಬಣ್ಣದ ಒಂದು ಕಾರ್ಡು ಕೈಗಿಟ್ಟಳು. ಕೋಸಂಬರಿ ಪಕ್ಕದ ಸಾಲಿನಲ್ಲಿತ್ತು. ಅಷ್ಟು ಹೊತ್ತಿಗೆ ಅದು ಮುಗಿದಿತ್ತು.

ಕಾರ್ಡಿನ ಹೆಸರು ‘ಸೌಖ್ಯವಾಣಿ’. ಕ್ಲಿನಿಕ್ಕಿನ ಯಜಮಾನ ಡಾಕ್ಟರ್ ವಿಜಯೇಂದ್ರ ವೇದಿಕೆಯ ಮೇಲಿಂದ ಅದನ್ನು ಬಿಡಿಸಿ ಹೇಳಿದ. ವಾರದ ದಿನ ಹಗಲು ಡಾಕ್ಟರು ಇರುತ್ತಾರೆ. ಬಾಗಿಲು ಹಾಕಿದ ಮೇಲೆ, ಭಾನುವಾರ, ಹಬ್ಬ ಹರಿದಿನದಲ್ಲಿ ಕಾರ್ಡಿದ್ದವರು ಫೋನ್ ಮಾಡಬಹುದು. ಒಳಗೆ ಕೂತ ನರ್ಸು ಕಂಪ್ಯೂಟರ್ ತೋರಿಸಿದ ಪ್ರಶ್ನೆ ಕೇಳುತ್ತಾಳೆ, ರೋಗಿ ಉತ್ತರ ಕೊಡುತ್ತಾನೆ, ಕಂಪ್ಯೂಟರ್ ಬಣ್ಣ ಹೇಳುತ್ತದೆ. ಹಸಿರು ಬಂದರೆ ನೀರು ಕುಡಿದು ಮನೆಯಲ್ಲೇ ಮಲಗುವುದು. ಹಳದಿ ಬಂದರೆ ಸೋಮವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಡಾಕ್ಟರ ಮುಂದೆ ಕೂರುವುದು. ಕೆಂಪು ಬಂದರೆ ಆಂಬುಲೆನ್ಸೇ ಮನೆ ಬಾಗಿಲಿಗೆ. ಕಾರ್ಡಿನ ಕೆಳಗೆ ಸಣ್ಣ ಅಕ್ಷರದಲ್ಲಿ ‘ಸದಸ್ಯರೊಬ್ಬರ ಬಳಕೆಗೆ ಮಾತ್ರ’ ಎಂದಿತ್ತು. ಷಡಕ್ಷರಪ್ಪ ಕನ್ನಡಕ ತಂದಿರಲಿಲ್ಲ.

ಮನೆಗೆ ಬಂದವನೇ ಕಾರ್ಡನ್ನು ದೇವರ ಗೂಡಿನಲ್ಲಿ ವಿಭೂತಿ ಗಟ್ಟಿಯ ಪಕ್ಕ ಒರಗಿಸಿದ. ಹೆಂಡತಿ ಶಂಕರಮ್ಮ ವಿಷಯವನ್ನೆಲ್ಲ ಕೇಳಿಸಿಕೊಂಡು ಒಂದೇ ಮಾತು ಕೇಳಿದಳು. ನೋಡದೆ ಹೆಣ್ಣು ಒಪ್ಪುವವರಿಲ್ಲ, ಮುಟ್ಟದೆ ಬದನೆಕಾಯಿ ಕೊಳ್ಳುವವರಿಲ್ಲ, ಕಾಯಿಲೆಯನ್ನು ಮಾತ್ರ ಕಣ್ಣು ಮುಚ್ಚಿಕೊಂಡು ನೋಡುತ್ತಾರಾ ಎಂದು. ಷಡಕ್ಷರಪ್ಪ ಅದಕ್ಕೆ ಕಾಲ ಮುಂದುವರಿದಿದೆ ಎಂದ. ಶಂಕರಮ್ಮ ಕಾರ್ಡಿನ ಮುಂದಿದ್ದ ದೀಪವನ್ನು ಲಿಂಗದ ಕಡೆಗೆ ಸರಿಸಿಟ್ಟಳು.

ರಾಗಿಗುಡ್ಡದ ಆ ಓಣಿಗೆ ಒಂದು ಪದ್ಧತಿ ಇದೆ. ಒಬ್ಬರ ಮನೆಯಲ್ಲಿ ಇದ್ದದ್ದು ಓಣಿಗೇ ಇದ್ದ ಹಾಗೆ. ಏಣಿ ಹಿಟ್ಟಿನ ಗಿರಣಿಯ ಧರ್ಮಪ್ಪನದು, ಆದರೆ ಅದು ಧರ್ಮಪ್ಪನ ಮನೆಯಲ್ಲಿ ಇದ್ದದ್ದನ್ನು ಧರ್ಮಪ್ಪನೇ ಕಂಡಿಲ್ಲ. ಎದುರು ಮನೆಯ ಹೂವಮ್ಮನ ದೊಡ್ಡ ಇಡ್ಲಿ ಪಾತ್ರೆ ವರ್ಷಕ್ಕೊಮ್ಮೆ ನೆಂಟರ ಹಾಗೆ ಬಂದು ಅವಳನ್ನು ನೋಡಿಕೊಂಡು ಹೋಗುತ್ತದೆ. ಪರಶುರಾಮನ ಆಟೋ ಅವನ ಹೆಸರಿನಲ್ಲಿದೆ ಎಂಬುದು ಆರ್‌ಟಿಓ ಕಚೇರಿಗೆ ಮಾತ್ರ ಗೊತ್ತು. ಇವರೆಲ್ಲರ ನಡುವೆ ಷಡಕ್ಷರಪ್ಪ ಇದುವರೆಗೆ ಬರೀ ಇಸಿದುಕೊಳ್ಳುವವನಾಗಿದ್ದ. ಕೊಡುವಂಥದ್ದು ಅವನ ಮನೆಯಲ್ಲಿ ಏನೂ ಇರಲಿಲ್ಲ. ಈಗ ಬಂತು.

ಮೊದಲ ಭಾನುವಾರ ಹೂವಮ್ಮ ಮಂಡಿ ಹಿಡಿದುಕೊಂಡು ಬಂದು ಜಗಲಿಯ ಮೇಲೆ ಕೂತಳು. ಷಡಕ್ಷರಪ್ಪ ಫೋನ್ ಹಚ್ಚಿದ. ಆ ಕಡೆಯ ಹುಡುಗಿ ತನ್ನ ಹೆಸರು ಸುಶ್ಮಿತಾ ಎಂದು ಹೇಳಿ, ಬಹಳ ಮರ್ಯಾದೆಯಿಂದ, ಕಾರ್ಡು ಯಾರದೋ ಕಾಯಿಲೆಯೂ ಅವರದೇ ಆಗಿರಬೇಕು, ಬೇರೆಯವರದು ತೆಗೆದುಕೊಳ್ಳುವ ಹಾಗಿಲ್ಲ ಎಂದಳು. ಷಡಕ್ಷರಪ್ಪ ಹೂವಮ್ಮನ ಮುಖ ನೋಡಿದ. ಕಳೆದ ಶಿವರಾತ್ರಿಗೆ ಅವಳ ಇಡ್ಲಿ ಪಾತ್ರೆ ತಂದವನು ಇನ್ನೂ ವಾಪಸು ಕೊಟ್ಟಿರಲಿಲ್ಲ.

“ಹಂಗಾದ್ರೆ ನನಗೇ ಕಣಮ್ಮ ಮಂಡಿ ನೋವು” ಅಂದ.

ಲೋಕದ ವಿಷವನ್ನೆಲ್ಲ ಕುಡಿದು ಗಂಟಲಲ್ಲಿ ಇಟ್ಟುಕೊಂಡವನ ಕಥೆ ನಮಗೆಲ್ಲ ಗೊತ್ತಿರುವುದೇ. ಓಣಿಯ ಕಾಯಿಲೆಯನ್ನೆಲ್ಲ ತನ್ನ ಮೈಮೇಲೆ ಹಾಕಿಕೊಂಡವನ ಕಥೆ ಹೀಗೆ ಶುರುವಾಯಿತು.

ಕ್ರಮ ಬಹಳ ಸರಳವಾಗಿತ್ತು. ರೋಗಿ ಜಗಲಿಯ ಮೇಲೆ ಕೂರುವುದು, ಷಡಕ್ಷರಪ್ಪ ಫೋನನ್ನು ಜೋರಾಗಿ ಕೇಳುವಂತೆ ಇಡುವುದು, ಸುಶ್ಮಿತಾ ಕೇಳಿದ್ದಕ್ಕೆ ರೋಗಿ ಕೈಸನ್ನೆಯಲ್ಲಿ ತೋರಿಸುವುದು, ಅದನ್ನು ಷಡಕ್ಷರಪ್ಪ ತನ್ನದೆಂದು ಹೇಳುವುದು. ಧರ್ಮಪ್ಪನಿಗೆ ಸೊಂಟ ಹಿಡಿದಾಗ ‘ನನಗೆ ಮೂಟೆ ಎತ್ತಿ ಸೊಂಟ ಹಿಡಿದಿದೆ’ ಎಂದ. ಪರಶುರಾಮನಿಗೆ ಬೆನ್ನಲ್ಲಿ ಕುರು ಎದ್ದಾಗ ಅವನ ಅಂಗಿ ಎತ್ತಿ ನೋಡಿಕೊಂಡು ‘ನನ್ನ ಬೆನ್ನು ನನಗೆ ಕಾಣ್ತಾ ಇದೆ, ಕೆಂಪಗಿದೆ’ ಎಂದ. ಧರ್ಮಪ್ಪನ ಮೊಮ್ಮಗು ರಚ್ಚೆ ಹಿಡಿದ ಭಾನುವಾರ ತನಗೆ ಹಲ್ಲಿನ ತೊಂದರೆ ಎಂದ. ಹಲ್ಲು ಅಲುಗಾಡುತ್ತಿದೆಯಾ ಎಂದು ಸುಶ್ಮಿತಾ ಕೇಳಿದ್ದಕ್ಕೆ, ಇಲ್ಲ, ಹೊಸದಾಗಿ ಬರುತ್ತಿದೆ, ಕೆಳಗಡೆ ಎರಡು ಎಂದ.

“ಅಜ್ಜಾ, ಇದು ನಿಮ್ಮದೇನಾ?” ಎಂದು ಸುಶ್ಮಿತಾ ಕೇಳಿದಳು. ಅಷ್ಟು ಹೊತ್ತಿಗೆ ಸಾರ್ ಹೋಗಿ ಅಜ್ಜ ಬಂದಿತ್ತು.

“ನನ್ನದೇ” ಎಂದ ಷಡಕ್ಷರಪ್ಪ, ನ್ಯಾಯಾಲಯದಲ್ಲಿ ಪ್ರಮಾಣ ಮಾಡುವವನ ಗಾಂಭೀರ್ಯದಲ್ಲಿ.

ಕಂಪ್ಯೂಟರಿಗೆ ಆಶ್ಚರ್ಯ ಎನ್ನುವುದು ಗೊತ್ತಿಲ್ಲ. ಅದು ಹಸಿರು ಕೊಟ್ಟಿತು.

ಈ ಬಣ್ಣಗಳು ಓಣಿಯಲ್ಲಿ ಜಾತಕಕ್ಕಿಂತ ದೊಡ್ಡದಾದವು. ಹಳದಿ ಬಂದವರು ಸೋಮವಾರ ಬೆಳಿಗ್ಗೆ ಇಸ್ತ್ರಿ ಬಟ್ಟೆ ಹಾಕಿಕೊಂಡು, ಪರಶುರಾಮನ ಆಟೋದಲ್ಲಿ ಷಡಕ್ಷರಪ್ಪನನ್ನು ನಡುವೆ ಕೂರಿಸಿಕೊಂಡು ಸವಳಂಗ ರಸ್ತೆಗೆ ಹೋಗುತ್ತಿದ್ದರು. ಅಲ್ಲಿ ಡಾಕ್ಟರ ಮುಂದೆ ಷಡಕ್ಷರಪ್ಪ ಕೂರುವುದು, ಹಿಂದೆ ನಿಂತವರು ತಮ್ಮ ಮೈ ಸವರಿಕೊಳ್ಳುವುದು. ಹಸಿರು ಬಂದವರಿಗೆ ಮುಖಭಂಗ. ಧರ್ಮಪ್ಪ ತನ್ನ ಸೊಂಟಕ್ಕೆ ಹಸಿರು ಬಂದದ್ದನ್ನು ಅವಮಾನವೆಂದೇ ತಿಳಿದ. ಗಿರಣಿಯ ಸದ್ದಿನಲ್ಲಿ ಬಾಳಿದ ಮನುಷ್ಯ, ಮೆಲ್ಲಗೆ ಮಾತಾಡುವುದು ಅವನಿಗೆ ಬಾರದು. ಮೂವತ್ತು ವರ್ಷ ಈ ಓಣಿಗೆ ಹಿಟ್ಟು ಹಾಕಿದ ಸೊಂಟಕ್ಕೆ ಹಸಿರಂತೆ, ಹೂವಮ್ಮನ ಸೊಸೆಗೆ ಹಳದಿಯಂತೆ ಎಂದು ಗುಡ್ಡದ ಮೇಲಿನವರಿಗೂ ಕೇಳುವ ಹಾಗೆ ಹೇಳಿಕೊಂಡು ತಿರುಗಿದ.

ಹೂವಮ್ಮನ ಸೊಸೆ ಬಿಂದುಶ್ರೀಗೆ ಹಳದಿ ಬಂದದ್ದು ನಿಜ. ಅದು ಬಂದದ್ದು ಹೀಗೆ. ತನಗೆ ಬೆಳಿಗ್ಗೆ ಎದ್ದ ಕೂಡಲೇ ವಾಂತಿ, ಒಗ್ಗರಣೆ ವಾಸನೆ ಕಂಡರೆ ಆಗದು, ಹುಣಸೆಕಾಯಿ ತಿನ್ನಬೇಕು ಅನ್ನಿಸುತ್ತದೆ, ಮೂರು ತಿಂಗಳಾಯಿತು ಎಂದು ಷಡಕ್ಷರಪ್ಪ ಫೋನಿನಲ್ಲಿ ಹೇಳಿದ. ಅರವತ್ತು ದಾಟಿದ ಗಂಡಸಿಗೆ ಮೂರು ತಿಂಗಳ ವಾಂತಿ ಎಂದರೆ ಕಂಪ್ಯೂಟರ್ ಸುಮ್ಮನಿರುವುದಿಲ್ಲ. ಸೋಮವಾರ ಡಾಕ್ಟರ್ ವಿಜಯೇಂದ್ರ ಅವನ ಬಾಯಿಯೊಳಗಿಂದ ಕೊಳವೆ ಇಳಿಸಿ ಹೊಟ್ಟೆ ನೋಡಿದ. ಹೊಟ್ಟೆಯಲ್ಲಿ ಏನೂ ಇರಲಿಲ್ಲ. ಖಾಲಿ ಹೊಟ್ಟೆಯಲ್ಲಿ ಬರಬೇಕೆಂದು ಹೇಳಿದ್ದರಿಂದ ಉಪ್ಪಿಟ್ಟು ಕೂಡ ಇರಲಿಲ್ಲ. ಬಿಂದುಶ್ರೀ ಹಿಂದೆ ನಿಂತು ಕಣ್ಣೀರು ಹಾಕಿದಳು. ಅಜ್ಜ ಬಹಳ ಒಳ್ಳೆಯವರು, ನನ್ನ ಕಷ್ಟ ತಾವು ಪಟ್ಟರು ಎಂದು ಮನೆಗೆ ಬಂದು ಅತ್ತೆಗೆ ಹೇಳಿದಳು. ಇಡ್ಲಿ ಪಾತ್ರೆಯನ್ನು ಇನ್ನು ಕೇಳುವುದು ಬೇಡವೆಂದು ಹೂವಮ್ಮ ಅವತ್ತೇ ತೀರ್ಮಾನ ಮಾಡಿದಳು.

ಈ ಸುದ್ದಿ ಭದ್ರಾವತಿಯ ಓಲ್ಡ್ ಟೌನಿಗೆ ಮುಟ್ಟಿದ್ದೇ ಕೆಟ್ಟದ್ದಾಯಿತು.

ಹೊನ್ನಯ್ಯ ಷಡಕ್ಷರಪ್ಪನ ಅಕ್ಕನ ಗಂಡ. ಅದೇ ಕಾರ್ಖಾನೆಯಲ್ಲಿ ಇವನು ಯಂತ್ರದ ಮುಂದೆ ನಿಂತಿದ್ದರೆ ಅವನು ಕಚೇರಿಯಲ್ಲಿ ಫ್ಯಾನಿನ ಕೆಳಗೆ ಕೂತಿದ್ದ. ಆ ಫ್ಯಾನಿನ ಗಾಳಿ ಅವನ ತಲೆಯಿಂದ ಇನ್ನೂ ಇಳಿದಿಲ್ಲ. ಮೈದುನನ ಜಗಲಿಯ ಮುಂದೆ ಜನ ಸೇರುತ್ತಾರೆ ಎಂದು ಕೇಳಿ ಅವನಿಗೆ ನಿದ್ದೆ ಬರಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ಹಿತಕವರೆ ಸಾರಿನಲ್ಲಿ ಮಿತಿ ಮೀರಿ ಉಂಡು, ಹೊಟ್ಟೆ ಉಬ್ಬರಿಸಿಕೊಂಡು, ಷಡಕ್ಷರಪ್ಪನಿಗೆ ಫೋನ್ ಮಾಡಿ ತನಗೂ ಬಣ್ಣ ಹಾಕಿಸಿಕೊಡು ಎಂದ.

ಭದ್ರಾವತಿಯ ರೋಗಿಯ ಕೈಸನ್ನೆ ರಾಗಿಗುಡ್ಡಕ್ಕೆ ಕಾಣುವುದಿಲ್ಲ. ಪರಶುರಾಮ ಅದಕ್ಕೊಂದು ಉಪಾಯ ಮಾಡಿದ. ಹೊನ್ನಯ್ಯ ಇದ್ದ ಫೋನನ್ನೂ ಸುಶ್ಮಿತಾ ಇದ್ದ ಫೋನನ್ನೂ ಒಂದರ ಬಾಯಿ ಇನ್ನೊಂದರ ಕಿವಿಗೆ ಬರುವ ಹಾಗೆ ತಲೆಕೆಳಗು ಜೋಡಿಸಿ, ಹೂವಮ್ಮನ ಜಡೆಯ ರಬ್ಬರ್ ಬ್ಯಾಂಡ್ ಸುತ್ತಿದ. ಹಳದಿಗೆ ಹಸಿರಿಗೆಲ್ಲ ಹೊನ್ನಯ್ಯ ಒಪ್ಪುವ ಮನುಷ್ಯನಲ್ಲ. ಟೀವಿಯಲ್ಲಿ ಕಂಡದ್ದನ್ನೆಲ್ಲ ನೆನಪು ಮಾಡಿಕೊಂಡು, ಎದೆ ಹಿಂಡುತ್ತಿದೆ, ಎಡರಟ್ಟೆಗೆ ಇಳಿಯುತ್ತಿದೆ, ಬೆವರು ಕಿತ್ತುಕೊಂಡು ಬರುತ್ತಿದೆ ಎಂದು ಒಂದೇ ಉಸಿರಿಗೆ ಹೇಳಿದ. ಆ ಕಡೆ ಗಂಟೆ ಹೊಡೆದ ಹಾಗೆ ಏನೋ ಸದ್ದಾಯಿತು. ಕೆಂಪು.

ಹೊನ್ನಯ್ಯ ಇಸ್ತ್ರಿ ಪಂಚೆ ಉಟ್ಟು, ಶಲ್ಯ ಹೊದ್ದು, ಚೀಲ ಕಟ್ಟಿಕೊಂಡು ಓಲ್ಡ್ ಟೌನಿನ ತನ್ನ ಮನೆಯ ಗೇಟಿನ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತ. ತನಗೆ ಶಿವಮೊಗ್ಗದಿಂದ ಆಂಬುಲೆನ್ಸ್ ಬರುತ್ತಿದೆ ಎಂದು ದಾರಿಹೋಕರಿಗೆಲ್ಲ ಹೇಳಿದ. ಅಕ್ಕಪಕ್ಕದವರು ಬಂದು ಸೇರಿದರು. ಹಿಂದಿನ ಮನೆಯ ತಮಿಳು ಅಜ್ಜಿ ಎಳನೀರು ತಂದುಕೊಟ್ಟಳು.

ಆಂಬುಲೆನ್ಸ್ ಕಾರ್ಡಿನಲ್ಲಿದ್ದ ವಿಳಾಸಕ್ಕೆ ಬಂತು. ಕಾರ್ಡಿನಲ್ಲಿದ್ದದ್ದು ರಾಗಿಗುಡ್ಡ.

ಷಡಕ್ಷರಪ್ಪ ಆಗ ಜಗಲಿಯ ಮೇಲೆ ಕೂತು ಮಂಡಕ್ಕಿ ತಿನ್ನುತ್ತಿದ್ದ. ಬಿಳಿ ಬಟ್ಟೆಯ ಇಬ್ಬರು ಸ್ಟ್ರೆಚರಿನ ಮಂಚ ಹಿಡಿದು ಓಡಿ ಬಂದು ರೋಗಿ ಯಾರು ಎಂದರು. ನಿಜ ಹೇಳಿದರೆ ಭಾವನ ಮಾನ ಹೋಗುತ್ತದೆ, ಅದರ ಹಿಂದೆಯೇ ಕಾರ್ಡೂ ಹೋಗುತ್ತದೆ. ಅವನು ಮಂಡಕ್ಕಿಯ ಬಟ್ಟಲನ್ನು ಧರ್ಮಪ್ಪನ ಕೈಗೆ ಕೊಟ್ಟು, ಕೈ ಒರೆಸಿಕೊಂಡು, ತಾನಾಗಿಯೇ ಹೋಗಿ ಮಂಚದ ಮೇಲೆ ಮಲಗಿದ. ಇಡೀ ಓಣಿ ನಿಂತು ಕಳಿಸಿಕೊಟ್ಟಿತು. ಶಂಕರಮ್ಮ ಮಾತ್ರ ಹೊರಗೆ ಬರಲಿಲ್ಲ. ಒಳಗಿಂದಲೇ, ಬರುವಾಗ ಅರ್ಧ ಕೆಜಿ ಈರುಳ್ಳಿ ತನ್ನಿ ಎಂದಳು.

ಡಾಕ್ಟರ್ ವಿಜಯೇಂದ್ರ ಭಾನುವಾರದ ಊಟ ಬಿಟ್ಟು, ಬೆರಳಲ್ಲಿ ಸಾರಿನ ಬಣ್ಣ ಇಟ್ಟುಕೊಂಡೇ ಕ್ಲಿನಿಕ್ಕಿಗೆ ಓಡಿ ಬಂದಿದ್ದ. ಎದೆಗೆ ತಂತಿ ಹಚ್ಚಿ ನೋಡಿದ. ಎದೆ ಹೊಸ ಲೇತಿನ ಹಾಗೆ ಓಡುತ್ತಿತ್ತು. ಆಗ ಅವನು ಕಂಪ್ಯೂಟರ್ ಮುಂದೆ ಕೂತು ಈ ಸದಸ್ಯನ ಇತಿಹಾಸವನ್ನೆಲ್ಲ ಓದಿದ. ಮಂಡಿ, ಸೊಂಟ, ಕುರು, ಹುಣಸೆಕಾಯಿ, ಎರಡು ಹೊಸ ಹಲ್ಲು, ಈಗ ಹೃದಯಾಘಾತ. ಓದಿ ಮುಗಿಸಿ, ಷಡಕ್ಷರಪ್ಪನ ಹೆಸರಿನ ಕೆಳಗೆ ತಾನೇ ಒಂದು ಸಾಲು ಹೊಡೆದ. ಇವರು ಗಾಬರಿ ಸ್ವಭಾವದವರು, ಏನು ಹೇಳಿದರೂ ಹಸಿರು ಕೊಟ್ಟು ಸಮಾಧಾನ ಮಾಡಿ ಎಂದು. ಪಕ್ಕದಲ್ಲಿ ನಿಂತಿದ್ದ ಸುಶ್ಮಿತಾಗೆ ಅದನ್ನು ಬಾಯಲ್ಲೂ ಹೇಳಿದ.

ಹೊನ್ನಯ್ಯ ಸಂಜೆಯ ತನಕ ಗೇಟಿನಲ್ಲಿ ಕೂತಿದ್ದು, ಸೊಳ್ಳೆ ಶುರುವಾದ ಮೇಲೆ ಒಳಗೆ ಹೋದ. ಮಾರನೆಯ ದಿನ ಬಸ್ಸು ಹತ್ತಿ ರಾಗಿಗುಡ್ಡಕ್ಕೆ ಬಂದು, ತನ್ನ ಆಂಬುಲೆನ್ಸನ್ನು ಮೈದುನ ಕದ್ದ ಎಂದು ಓಣಿಯ ನಡುವೆ ನಿಂತು ಪಂಚಾಯಿತಿ ಮಾಡಿದ. ಇಬ್ಬರಿಗೂ ಮಾತು ಬಿಟ್ಟಿತು.

ಅಲ್ಲಿಂದ ಮುಂದೆ ಷಡಕ್ಷರಪ್ಪನ ಜಗಲಿಯಲ್ಲಿ ಬರೀ ಹಸಿರು. ಧರ್ಮಪ್ಪನ ಸೊಂಟಕ್ಕೂ ಹಸಿರು, ಹೂವಮ್ಮನ ಮಂಡಿಗೂ ಹಸಿರು. ಕಾರ್ಡಿನ ಮಸಾಲೆ ಮುಗಿದಿದೆ ಎಂದು ಜನ ಬರುವುದು ಬಿಟ್ಟರು. ಭಾನುವಾರಗಳು ಮತ್ತೆ ಮೊದಲಿನ ಹಾಗೆ ಉದ್ದವಾದವು.

ಅಂಥ ಒಂದು ಭಾನುವಾರ ಮಧ್ಯಾಹ್ನ ಊಟ ಮಾಡಿ ಎದ್ದ ಷಡಕ್ಷರಪ್ಪ ಕೈ ತೊಳೆಯಲು ಹೋದವನು ಬಚ್ಚಲ ಗೋಡೆ ಹಿಡಿದು ನಿಂತುಬಿಟ್ಟ. ಎದೆಯ ಮೇಲೆ ಯಾರೋ ಧರ್ಮಪ್ಪನ ಗಿರಣಿಯ ಮೂಟೆ ಇಟ್ಟ ಹಾಗಾಯಿತು. ನೋವು ದವಡೆಗೆ ಹತ್ತಿತು. ಬನಿಯನ್ ತೊಯ್ದು ಮೈಗೆ ಅಂಟಿತು. ಜಗಲಿಗೆ ಬಂದು, ಕೂತು, ಫೋನ್ ಹಚ್ಚಿದ. ಎದುರಿಗೆ ಯಾವ ರೋಗಿಯೂ ಇರಲಿಲ್ಲ. ಕಾರ್ಡು ಬಂದ ಮೇಲೆ ಅವನು ತನ್ನದೇ ಕಾಯಿಲೆಗೆ ಫೋನ್ ಮಾಡಿದ್ದು ಅದೇ ಮೊದಲು.

ಸುಶ್ಮಿತಾ ಪ್ರಶ್ನೆಗಳನ್ನೆಲ್ಲ ಕೇಳಿದಳು, ಒಂದನ್ನೂ ಬಿಡಲಿಲ್ಲ. ಅವನು ಎಲ್ಲದಕ್ಕೂ ಹೌದು ಎಂದ. ಆಮೇಲೆ ಅವಳು ಕೇಳಿದಳು.

“ಅಜ್ಜಾ, ಇದು ನಿಮ್ಮದೇನಾ?”

“ನನ್ನದೇ” ಎಂದ ಷಡಕ್ಷರಪ್ಪ.

ಇಲ್ಲಿ ಒಂದು ಮಾತು ಹೇಳಬೇಕು. ಹಲ್ಲು ಬಂದ ದಿನ ಅವನು ಹೇಳಿದ ‘ನನ್ನದೇ’ಗೂ ಈ ‘ನನ್ನದೇ’ಗೂ ಕೂದಲೆಳೆಯಷ್ಟು ವ್ಯತ್ಯಾಸ ಇರಲಿಲ್ಲ. ಸುಳ್ಳನ್ನು ಅಷ್ಟು ಶ್ರದ್ಧೆಯಿಂದ ಅಭ್ಯಾಸ ಮಾಡಿದವನಿಗೆ ನಿಜ ಹೇಳಲು ಬೇರೆ ದನಿ ಉಳಿದಿರುವುದಿಲ್ಲ. ಕಂಪ್ಯೂಟರ್ ಒಂದು ಗಳಿಗೆ ಕೆಂಪು ತೋರಿಸಿ, ಡಾಕ್ಟರ ಸಾಲು ಕಂಡು, ಹಸಿರಿಗೆ ತಿರುಗಿತು. ಎರಡು ಲೋಟ ನೀರು ಕುಡಿದು ಮಲಗಿ ಅಜ್ಜ, ಸಂಜೆಗೆ ಸರಿಹೋಗುತ್ತದೆ ಎಂದು ಸುಶ್ಮಿತಾ ಹೇಳಿದಳು. ಅವನು ಹಾಗೇ ಮಾಡಿದ. ಎರಡು ಲೋಟ ನೀರು ಕುಡಿದು, ಚಾಪೆ ಹಾಸಿಕೊಂಡು ಮಲಗಿದ.

ಶಂಕರಮ್ಮ ಪಾತ್ರೆ ತೊಳೆದು ಬಂದವಳು ಗಂಡನ ಮುಖ ನೋಡಿದಳು. ಬೂದಿ ಬಣ್ಣ. ಹಣೆಯ ವಿಭೂತಿ ಬೆವರಿನಲ್ಲಿ ಕರಗಿ ಮೂಗಿನ ಮೇಲೆ ಇಳಿದಿತ್ತು.

“ಏನೂ ಇಲ್ಲ, ಹಸಿರು ಅಂದಿದಾರೆ” ಎಂದ ಅವನು.

“ಯಾರು ಅಂದಿದ್ದು?”

“ಫೋನಲ್ಲಿ.”

“ಫೋನಿಗೆ ನಿಮ್ಮ ಮುಖ ಕಂಡಿತಾ? ಏಳ್ರಿ ಮೇಲೆ.”

ಅವನು ಏಳಲಿಲ್ಲ. ಹಸಿರು ಬಂದವನು ಎದ್ದು ಓಡಾಡಿದರೆ ನಾಳೆ ಕಾರ್ಡಿನವರು ಏನೆಂದುಕೊಳ್ಳುತ್ತಾರೆ ಎಂಬ ಯೋಚನೆ ಅವನಿಗೆ. ಶಂಕರಮ್ಮ ಬಾಗಿಲಿಗೆ ಬಂದು ಪರಶುರಾಮನನ್ನು ಕೂಗಿದಳು. ಆ ಓಣಿಯಲ್ಲಿ ಅವಳು ದನಿ ಎತ್ತಿದ್ದನ್ನು ಯಾರೂ ಕೇಳಿರಲಿಲ್ಲ. ಆದ್ದರಿಂದ ಮನೆ ಮನೆಯ ಬಾಗಿಲೂ ತೆರೆಯಿತು. ಧರ್ಮಪ್ಪ ಕಾಲಿನ ಕಡೆ, ಪರಶುರಾಮ ತಲೆಯ ಕಡೆ ಹಿಡಿದು ಷಡಕ್ಷರಪ್ಪನನ್ನು ಆಟೋಕ್ಕೆ ಹಾಕಿದರು. ಹಸಿರು ಬಂದದ್ದಕ್ಕೆ ಜುಲುಮೆ ಮಾಡಬೇಡಿ ಎಂದು ಅವನು ಕೈ ಮುಗಿಯುತ್ತಲೇ ಇದ್ದ. ತನ್ನ ಸೊಂಟದ ಹಸಿರನ್ನು ಇನ್ನೂ ಮರೆಯದ ಧರ್ಮಪ್ಪ ಮಾತ್ರ ಆ ಹೊತ್ತಿನಲ್ಲೂ, ಹಸಿರಿಗೆ ಬೆಂಕಿ ಬೀಳಲಿ ಎಂದು ಗುಡ್ಡಕ್ಕೆ ಕೇಳುವ ಹಾಗೆ ಹೇಳಿದ.

ಜೊತೆಗೆ ಹತ್ತಿದ ಶಂಕರಮ್ಮ ದೊಡ್ಡಾಸ್ಪತ್ರೆಗೆ ನಡಿ ಎಂದಿದ್ದಳು. ಆದರೆ ಅಷ್ಟು ತಿಂಗಳು ಹಳದಿಯವರನ್ನು ಹೊತ್ತ ಆಟೋ ಅದು. ಪರಶುರಾಮನ ಕೈ ಗಾಬರಿಯಲ್ಲಿ ತನಗೆ ತಿಳಿದ ದಾರಿಗೇ ತಿರುಗಿಸಿತು. ಕಣ್ಣು ಬಿಟ್ಟು ನೋಡಿದರೆ ಸವಳಂಗ ರಸ್ತೆ, ಕ್ಲಿನಿಕ್ಕಿನ ಗಾಜಿನ ಬಾಗಿಲು, ಬಾಗಿಲ ಮುಂದೆ ಕಾವಲುಗಾರ ಪುಟ್ಟಪ್ಪ.

ಪುಟ್ಟಪ್ಪ ನಿಯಮದ ಮನುಷ್ಯ. ಭಾನುವಾರ ಬಾಗಿಲು ತೆಗೆಯುವ ಹಾಗಿಲ್ಲ, ಏನಿದ್ದರೂ ಫೋನ್ ಮಾಡಿ ಎಂದು ನಂಬರನ್ನು ಬಾಯಿಪಾಠ ಒಪ್ಪಿಸಿದ. ಒಳಗೆ, ಗಾಜಿನ ಆಚೆ, ಬೆನ್ನು ತೋರಿಸಿಕೊಂಡು ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಕೂತ ಹುಡುಗಿ ಕಾಣುತ್ತಿದ್ದಳು. ಪರಶುರಾಮ ಫೋನ್ ಹಚ್ಚಿದ. ಕೊಳಲಿನ ಸಂಗೀತ ಬಂತು. ನಿಮ್ಮ ಮುಂದೆ ಇನ್ನೂ ಜನರಿದ್ದಾರೆ, ದಯವಿಟ್ಟು ಕಾಯಿರಿ ಎಂದಿತು.

ಮುಂದೆ ಇದ್ದ ಆ ಜನ ಯಾರು ಎಂದರೆ ರಾಗಿಗುಡ್ಡದವರೇ. ಆಟೋ ಹೊರಟ ಕೂಡಲೇ ಧರ್ಮಪ್ಪ, ಹೂವಮ್ಮ, ಬಿಂದುಶ್ರೀ, ಹಳದಿ ಹಸಿರು ಪಡೆದವರೆಲ್ಲ ತಮ್ಮ ತಮ್ಮ ಫೋನಿನಿಂದ, ತಮ್ಮ ಸ್ವಂತ ಹೆಸರು ಹೇಳಿಕೊಂಡು, ಷಡಕ್ಷರಪ್ಪನಿಗೆ ನಿಜವಾಗಿಯೂ ಎದೆನೋವು, ಇದುವರೆಗಿನ ಕಾಯಿಲೆಯೆಲ್ಲ ನಮ್ಮದು ಎಂದು ಒಪ್ಪಿಕೊಳ್ಳಲು ಸೌಖ್ಯವಾಣಿಗೆ ಮುಗಿಬಿದ್ದಿದ್ದರು. ಸುಶ್ಮಿತಾಳ ಕಿವಿಯಲ್ಲಿ ಆಗ ಧರ್ಮಪ್ಪ ಕೂಗುತ್ತಿದ್ದ. ಅವಳು ಯಂತ್ರವನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದುಕೊಂಡು, ನಿಧಾನ ಹೇಳಿ ಸಾರ್, ಏನೂ ತಿಳಿಯುತ್ತಿಲ್ಲ ಎನ್ನುತ್ತಿದ್ದಳು. ಹೀಗೆ ಓಣಿ ಮೊದಲ ಸಲ ನಿಜ ಹೇಳಲು ಹೋಗಿ ಷಡಕ್ಷರಪ್ಪನ ದಾರಿಯನ್ನೇ ಕಟ್ಟಿತು.

ಕೊಳಲು ಊದುತ್ತಲೇ ಇತ್ತು. ಷಡಕ್ಷರಪ್ಪ ಆಟೋದ ಸೀಟಿನಿಂದ ಒಂದು ಕಡೆಗೆ ವಾಲಿದ. ಶಂಕರಮ್ಮ ಪುಟ್ಟಪ್ಪನ ಹತ್ತಿರ ಹೋಗಿ, ಬಹಳ ಮೆಲ್ಲಗೆ, ನಿನ್ನ ಕೋಲು ಸ್ವಲ್ಪ ಕೊಡಪ್ಪ ಎಂದಳು. ಹಿರಿಯ ಹೆಂಗಸು ಕೇಳಿದ್ದಕ್ಕೆ ಅವನು ಕೊಟ್ಟ. ಕೊಡಬಾರದೆಂದು ನಿಯಮದಲ್ಲಿ ಇರಲಿಲ್ಲ. ಅವಳು ಆ ಕೋಲನ್ನು ಎರಡು ಕೈಯಲ್ಲಿ ಹಿಡಿದು, ಒನಕೆ ಎತ್ತಿದ ಹಾಗೆ ಎತ್ತಿ, ಗಾಜಿನ ಬಾಗಿಲಿಗೆ ಹಾಕಿದಳು.

ಗಾಜು ಒಡೆಯಲಿಲ್ಲ. ಒಳ್ಳೆಯ ಗಾಜು. ಆದರೆ ಸುಶ್ಮಿತಾ ತಿರುಗಿ ನೋಡಿದಳು.

ಅವಳು ಷಡಕ್ಷರಪ್ಪನನ್ನು ಉದ್ಘಾಟನೆಯ ದಿನ ಕಂಡದ್ದು, ಆ ಕೆಂಪು ಭಾನುವಾರ ಕಂಡದ್ದು. ಮಂಚದ ಮೇಲೆ ಮಲಗಿ ಮೀಸೆಯಲ್ಲಿ ಮಂಡಕ್ಕಿ ಪುಡಿ ಇಟ್ಟುಕೊಂಡಿದ್ದ ಅಜ್ಜ. ಈಗ ಆಟೋದಲ್ಲಿ ವಾಲಿಕೊಂಡಿದ್ದ ಮುಖವನ್ನು ಒಂದು ಗಳಿಗೆ ನೋಡಿದಳು, ಅಷ್ಟೇ. ಎದ್ದು ಓಡಿ ಬಂದಳು. ಕಿವಿಯ ಯಂತ್ರದ ತಂತಿ ಎಳೆದುಕೊಂಡು ಬರುತ್ತಿತ್ತು, ಅದನ್ನು ಕಿತ್ತು ಎಸೆದಳು. ಧರ್ಮಪ್ಪನ ದನಿ ನೆಲದ ಮೇಲೆ ಬಿದ್ದಲ್ಲಿಂದಲೇ ಕೂಗುತ್ತಿತ್ತು. ಕುರ್ಚಿ ಬಿಟ್ಟು ಏಳುವ ಹಾಗಿಲ್ಲ ಎಂದು ಪುಟ್ಟಪ್ಪ ನೆನಪು ಮಾಡಿದ. ಅವಳು ಬಾಗಿಲು ತೆಗೆದು, ಒಂದು ಮಾತ್ರೆಯನ್ನು ಷಡಕ್ಷರಪ್ಪನ ಬಾಯಿಗೆ ಹಾಕಿ ಅಗಿಯಿರಿ ಎಂದು, ಆಟೋದಲ್ಲಿ ಅವನ ಪಕ್ಕ ಕೂತಳು.

“ದೊಡ್ಡಾಸ್ಪತ್ರೆಗೆ ನಡಿ ಅಣ್ಣ. ಎಲ್ಲೂ ನಿಲ್ಲಿಸಬೇಡ.”

“ನನ್ನದು ಹಸಿರಲ್ಲವಾ” ಎಂದ ಷಡಕ್ಷರಪ್ಪ, ಮಾತ್ರೆ ಅಗಿಯುತ್ತ.

“ಸುಮ್ಮನಿರಿ ಅಜ್ಜ” ಎಂದಳು ಅವಳು.

ದೊಡ್ಡಾಸ್ಪತ್ರೆಯಲ್ಲಿ ತಂತಿ ಹಚ್ಚಿದವರು ಯಾವ ಪ್ರಶ್ನೆಯನ್ನೂ ಕೇಳಲಿಲ್ಲ. ಹೃದಯದ ರಕ್ತನಾಳ ಕಟ್ಟಿಕೊಂಡಿದೆ, ಇನ್ನು ಸ್ವಲ್ಪ ತಡವಾಗಿದ್ದರೆ ನಾವು ಮಾಡುವುದು ಏನೂ ಇರುತ್ತಿರಲಿಲ್ಲ ಎಂದು ಸೂಜಿ ಚುಚ್ಚಿದರು. ಮಾರನೆಯ ದಿನಕ್ಕೆ ಷಡಕ್ಷರಪ್ಪ ಕಣ್ಣು ಬಿಟ್ಟು ಗಂಜಿ ಕೇಳಿದ.

ಹೊನ್ನಯ್ಯ ಮೊದಲ ಬಸ್ಸಿಗೇ ಬಂದಿದ್ದ. ಮಾತು ಬಿಟ್ಟಿದ್ದವನು ಮಂಚದ ಪಕ್ಕ ನಿಂತು ಬಹಳ ಹೊತ್ತು ಮೈದುನನ ಪಾದ ನೇವರಿಸಿದ. ಕಣ್ಣು ಒರೆಸಿಕೊಂಡು ಹೇಳಿದ.

“ನನ್ನ ಆಂಬುಲೆನ್ಸೂ ನೀನೇ ತಗೊಂಡೆ. ಹೋಗಲಿ ಅಂದ್ಕೊಂಡೆ. ಹಾರ್ಟ್ ಅಟ್ಯಾಕೂ ನೀನೇ ತಗೊಂಡೆಯಲ್ಲೋ ಮಾರಾಯ.”

ಓಣಿಯವರೆಲ್ಲ ಮಂಚದ ಸುತ್ತ ಇರುವಾಗಲೇ ಡಾಕ್ಟರ್ ವಿಜಯೇಂದ್ರ ಬಂದ. ಒಂದು ಬುಟ್ಟಿ ಸೇಬಿನ ಹಣ್ಣು ತಂದಿದ್ದ, ಜೊತೆಗೆ ಎರಡು ಮಾತೂ ತಂದಿದ್ದ. ಒಂದು, ಷಡಕ್ಷರಪ್ಪ ಸುಳ್ಳು ಹೇಳಿ ಹೇಳಿ ಕಂಪ್ಯೂಟರನ್ನು ದಾರಿ ತಪ್ಪಿಸಿದ, ಆದ್ದರಿಂದ ತಪ್ಪು ತನ್ನದೇ ಎಂದು ಎಲ್ಲರ ಮುಂದೆ ಒಪ್ಪಿಕೊಳ್ಳಬೇಕು. ಎರಡು, ಕುರ್ಚಿ ಬಿಟ್ಟು ಎದ್ದ ಸುಶ್ಮಿತಾ ನಾಳೆಯಿಂದ ಕೆಲಸಕ್ಕೆ ಬರಬೇಕಾಗಿಲ್ಲ. ಡಾಕ್ಟರು ಹೊಡೆದ ಸಾಲಿನ ವಿಷಯವನ್ನು ಅಜ್ಜನಿಗೆ ಆಗಲೇ ಹೇಳಿದ್ದ ಸುಶ್ಮಿತಾ ಅಲ್ಲೇ ಕಿಟಕಿಯ ಹತ್ತಿರ ನಿಂತಿದ್ದಳು. ತಲೆ ತಗ್ಗಿಸಲಿಲ್ಲ.

ಷಡಕ್ಷರಪ್ಪ ಆಯುಷ್ಯವಿಡೀ ಮೇಲಿನವರ ಮುಂದೆ ಹೌದು ಸಾರ್ ಎಂದವನು. ಎಲ್ಲರೂ ಈಗಲೂ ಅದನ್ನೇ ಕಾಯುತ್ತಿದ್ದರು. ಅವನು ದಿಂಬಿಗೆ ಒರಗಿ ಎದ್ದು ಕೂತ. ಎದೆಗೆ ಅಂಟಿಸಿದ ತಂತಿಗಳು ಅವನ ಜೊತೆ ಎದ್ದವು.

“ಸುಳ್ಳು ಹೇಳಿದ್ದು ಹೌದು ಸಾರ್” ಎಂದ. “ಬಸುರಿಯ ವಾಂತಿ ನನ್ನದು ಅಂದೆ, ನಂಬಿದಿರಿ. ಹೊಟ್ಟೆಗೆ ಪೈಪು ಬಿಟ್ಟು ನೋಡಿದಿರಿ. ಹಲ್ಲು ಬಂತು ಅಂದೆ, ಅದನ್ನೂ ಬರ್ಕೊಂಡಿರಿ. ಭದ್ರಾವತೀಲಿ ಅವರೆಕಾಳು ತಿಂದವನಿಗೆ ರಾಗಿಗುಡ್ಡಕ್ಕೆ ಗಾಡಿ ಕಳಿಸಿದಿರಿ. ನನ್ನ ಸುಳ್ಳು ಒಂದೂ ಬಿಡದೆ ನಂಬಿದ ಯಂತ್ರ, ನಿಜ ಹೇಳಿದ್ದು ಒಂದೇ ಸಲ, ಅದನ್ನ ಮಾತ್ರ ನಂಬಲಿಲ್ಲ. ನನ್ನ ತಪ್ಪು ನಾನು ಒಪ್ಕೊಂಡೆ. ಆ ಸಾಲು ಹೊಡೆದ ಕೈ ಯಾರದು, ಅವರೂ ಒಪ್ಕೊಳ್ಳಲಿ.”

ಶಂಕರಮ್ಮ ಸೆರಗಿನ ತುದಿ ಬಿಚ್ಚಿ ಚಿನ್ನದ ಬಣ್ಣದ ಕಾರ್ಡು ತೆಗೆದು, ಡಾಕ್ಟರು ತಂದಿದ್ದ ಸೇಬಿನ ಮೇಲೆ ಇಟ್ಟಳು. ಬುಟ್ಟಿಯನ್ನು ಅವನ ಕೈಗೆ ಕೊಟ್ಟಳು. ಈ ಹುಡುಗಿ ಕುರ್ಚಿಯಲ್ಲೇ ಕೂತಿದ್ದರೆ ನೀವು ಈ ಹಣ್ಣನ್ನು ಯಾರಿಗೆ ತರುತ್ತಿದ್ದಿರಿ ಎಂದು ಕೇಳಿದಳು. ಕೆಲಸದಿಂದ ತೆಗೆಯುವುದಾದರೆ ತೆಗೆಯಿರಿ, ನಾಳೆ ಬೆಳಿಗ್ಗೆ ಓಣಿಯವರೆಲ್ಲ ನಿಮ್ಮ ಬಾಗಿಲಿಗೆ ಬರುತ್ತೇವೆ, ಈ ಸಲ ನಮ್ಮ ನಮ್ಮ ಕಾಯಿಲೆ ನಾವೇ ಹೊತ್ತುಕೊಂಡು, ಪುಟ್ಟಪ್ಪನ ಕೋಲು ಎಲ್ಲಿರುತ್ತದೆ ಎಂದು ನನಗೆ ಗೊತ್ತು ಎಂದಳು. ದನಿ ಏರಿಸಲಿಲ್ಲ. ಅದೇ ಡಾಕ್ಟರಿಗೆ ಹೆದರಿಕೆ ಹುಟ್ಟಿಸಿದ್ದು ಎಂದು ಹೂವಮ್ಮ ಆಮೇಲೆ ಹೇಳುತ್ತಿದ್ದಳು.

ಸುಶ್ಮಿತಾ ಕೆಲಸದಲ್ಲೇ ಉಳಿದಳು. ಕುರ್ಚಿಯನ್ನು ಬಾಗಿಲ ಕಡೆಗೆ ಮುಖ ಮಾಡಿ ಹಾಕಿಕೊಂಡಳು. ಷಡಕ್ಷರಪ್ಪನ ಹೆಸರಿನ ಕೆಳಗಿದ್ದ ಆ ಸಾಲು ಹೋಯಿತು ಎಂದು ಪುಟ್ಟಪ್ಪ ಪರಶುರಾಮನಿಗೆ ಹೇಳಿದ. ಹೂವಮ್ಮನ ಇಡ್ಲಿ ಪಾತ್ರೆಯನ್ನು ಶಂಕರಮ್ಮ ಬೆಳಗಿ ವಾಪಸು ಕೊಟ್ಟಳು.

ಷಡಕ್ಷರಪ್ಪ ಮನೆಗೆ ಬಂದು ಜಗಲಿಯಲ್ಲಿ ಕೂರುವಷ್ಟಾದ ಮೇಲೆ ಒಂದು ಭಾನುವಾರ ಅವನ ಫೋನು ತಾನಾಗಿ ಹೊಡೆದುಕೊಂಡಿತು. ಸುಶ್ಮಿತಾ. ಹೇಗಿದ್ದೀರಿ ಎಂದು ಕೇಳಿದಳು. ಎದುರಿಗೆ ಓಣಿಯ ಅರ್ಧ ಜನ ಕೂತಿದ್ದರು.

“ಆರಾಮಾಗಿದೀನಿ ಕಣಮ್ಮ” ಎಂದ.

“ಆ ಆರಾಮು ಯಾರದು ಅಜ್ಜಾ?”

ಅಷ್ಟು ಸುಳ್ಳಿಗೆ ಸವೆದ ‘ನನ್ನದೇ’ ಎನ್ನಲು ಷಡಕ್ಷರಪ್ಪನಿಗೆ ಬಾಯಿ ಬರಲಿಲ್ಲ. ಶಂಕರಮ್ಮ ಅವನ ಕೈಯಿಂದ ಫೋನು ತೆಗೆದುಕೊಂಡಳು.

“ಕಡುಬು ಬೇಯ್ತಾ ಇದೆ” ಎಂದಳು. “ಬಂದು ಅಜ್ಜನ ಮುಖ ನೋಡು.”